ಜೈನುದ್ದೀನ ಕಾಕಾನ ನಂಬರು

ನಾವು ಹದಿನಾಲ್ಕು ಜನ. ಎಲ್ಲರೂ ಎಂ.ಟೆಕ್., ಎಲ್ಲರೂ ಕಂಪ್ಯೂಟರ್ ಸೈನ್ಸ್. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಇಂಡಿ ಊರಾಚೆ ನಿಂಬೆ ತೋಟಗಳ ನಡುವೆ ಇರುವ ನಮ್ಮ ಕಾಲೇಜಿಗೆ ಈ ವರ್ಷ ವಿಶ್ವವಿದ್ಯಾಲಯದಿಂದ ಒಂದು ಸುತ್ತೋಲೆ ಬಂತು. ಎಂ.ಟೆಕ್. ಓದುವವರೆಲ್ಲ ಡಿಜಿಟಲ್ ಸಾಕ್ಷರತೆಯ ಆನ್‌ಲೈನ್ ಪರೀಕ್ಷೆ ಪಾಸಾಗಬೇಕು. ಪರೀಕ್ಷೆಯ ದಿನವೇ ಸಂಜೆ ಐದರೊಳಗೆ ಅದರ ಪ್ರಮಾಣಪತ್ರವನ್ನು ಪ್ರಬಂಧದ ಜೊತೆ ವೆಬ್‌ಸೈಟಿಗೆ ಏರಿಸಬೇಕು. ತಪ್ಪಿದರೆ ಪ್ರಬಂಧ ಸ್ವೀಕಾರವಿಲ್ಲ, ಪದವಿ ಮುಂದಿನ ವರ್ಷಕ್ಕೆ.

ನಮ್ಮ ವಿಭಾಗದ ಮುಖ್ಯಸ್ಥರಾದ ಗುರಲಿಂಗಪ್ಪ ಸರ್ ಅದನ್ನು ತರಗತಿಯಲ್ಲಿ ಓದಿ ಹೊಟ್ಟೆ ಕುಲುಕಿಸಿ ನಕ್ಕರು.

"ಕಂಪ್ಯೂಟರ್ ಮಂದಿಗೆ ಕಂಪ್ಯೂಟರ್ ಬರ್ತೈತೇನು ಅಂತ ಕೇಳಾಕತ್ತಾರ! ಪೂಜಾರಿಗೆ ಗಂಟಿ ಬಾರಸೂ ಪರೀಕ್ಷಾ ಇಟ್ಟಂಗಾತು."

ನಕ್ಕು ಸುಮ್ಮನಾಗಿದ್ದರೆ ಈ ಕಥೆ ಇರುತ್ತಿರಲಿಲ್ಲ. ನಮ್ಮ ವಿಭಾಗದಲ್ಲಿ ಡಿಜಿಟಲ್ ಸಾಕ್ಷರತೆ ಈಗಾಗಲೇ ಶೇಕಡಾ ನೂರರಷ್ಟಿದೆ ಎಂದು ಅವರು ಉತ್ತರ ಬರೆದು ಕಳಿಸಿದರು. ಬೇರೆ ಯಾವ ಕಾಲೇಜೂ ನೂರು ಎಂದು ಬರೆದಿರಲಿಲ್ಲವಂತೆ. ಹೀಗಾಗಿ ವಿಶ್ವವಿದ್ಯಾಲಯದವರು ಆ ನೂರನ್ನು ಕಣ್ಣಾರೆ ನೋಡಿ ಬರಲು ಒಬ್ಬ ವೀಕ್ಷಕರನ್ನು ನೇಮಿಸಿದರು.

"ಹಂಗಾರ ಒಬ್ಬರು ಸಂಯೋಜಕರು ಬೇಕು," ಎಂದರು ಸರ್. ಹದಿಮೂರು ಜನ ಕಿಟಕಿಯಾಚೆ ನೋಡಿದರು. ನಾನು ತಲೆ ತಗ್ಗಿಸಿ ಡೈರಿಯಲ್ಲಿ ಏನೋ ಗೀಚುತ್ತಿದ್ದೆ. ತಲೆ ತಗ್ಗಿಸಿದ್ದೇ ಒಪ್ಪಿಗೆಯಾಯಿತು.

"ಭುವನೇಶ್ವರಿ! ಹೌದವಾ, ನಿನ್ನ ಪ್ರವೇಶದ ಅರ್ಜಿಯೊಳಗ ನೋಡೇನಿ ನಾ. ಡಿಜಿಟಲ್ ಕೌಶಲ್ಯ: ಅತ್ಯುತ್ತಮ. ನೀನ ಬರದೀದಿ."

ನಾನು ಬರೆದಿರಲಿಲ್ಲ. ಬರೆದದ್ದು ಜೈನುದ್ದೀನ ಕಾಕಾ.

ಬಸ್ ನಿಲ್ದಾಣದ ಎದುರು ಝೆರಾಕ್ಸ್, ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಶನ್ ಮತ್ತು ಎಲ್ಲಾ ಬಗೆಯ ಆನ್‌ಲೈನ್ ಅರ್ಜಿ ಎಂದು ಬೋರ್ಡು ಇರುವ ಅಂಗಡಿ ಅವರದು. ಪಿಯುಸಿ ಮುಗಿದಾಗಿನಿಂದ ನನ್ನ ಸೀಟು, ಸ್ಕಾಲರ್‌ಶಿಪ್ಪು, ಹಾಲ್‌ಟಿಕೆಟ್ಟು ಎಲ್ಲವೂ ಅವರ ಎರಡು ಬೆರಳುಗಳಿಂದ ಟೈಪಾಗಿ ಬಂದವು. ಎದುರಿನ ಸ್ಟೂಲಿನ ಮೇಲೆ ಕೂತು, ಅವರು ಹುಟ್ಟಿದ ತಾರೀಕು ಓದಿದಾಗ ತಲೆಯಾಡಿಸುವುದಷ್ಟೇ ನನ್ನ ಕೆಲಸ. ಒಂದು ಗ್ರಾಫಿನಲ್ಲಿ ಅತಿ ಹತ್ತಿರದ ದಾರಿ ಹುಡುಕುವ ಪ್ರೋಗ್ರಾಂ ನಾನು ಬರೆಯಬಲ್ಲೆ. ಆದರೆ 'ಫೋಟೋ ಐವತ್ತು ಕೆಬಿಗಿಂತ ಕಡಿಮೆ ಇರಬೇಕು' ಎಂಬ ಸಾಲು ಕಂಡರೆ ನನ್ನ ಕಾಲುಗಳು ತಾವಾಗಿ ಬಸ್ ನಿಲ್ದಾಣದ ಕಡೆ ನಡೆಯುತ್ತವೆ. ಅದೂ ಅತಿ ಹತ್ತಿರದ ದಾರಿಯಲ್ಲೇ.

ಅರ್ಜಿಯಲ್ಲಿ ಮೊಬೈಲ್ ನಂಬರಿನ ಜಾಗ ಬಂದಾಗ ಮಾತ್ರ ತೊಡಕು. ಮದುವೆಯಾಗಬೇಕಾದ ಹುಡುಗಿಯ ನಂಬರು ಊರ ಕಾಗದಗಳಲ್ಲಿ ಓಡಾಡಬಾರದು ಎಂಬುದು ನಮ್ಮವ್ವ ಜಯಮಾಲಾಳ ಕಾಯಿದೆ. ಅಪ್ಪನದು ಹಾಕೋಣವೆಂದರೆ ಅವರು ಹಗಲೆಲ್ಲ ನಿಂಬೆ ತೋಟದಲ್ಲಿ, ಫೋನು ಗಿಡಕ್ಕೆ ನೇತುಹಾಕಿದ ಅಂಗಿಯಲ್ಲಿ. "ನಂದ ಹಾಕ್ತೇನಿ ಬಿಡವಾ," ಎಂದು ಕಾಕಾ ತಮ್ಮ ನಂಬರು ಹಾಕಿಬಿಡುತ್ತಿದ್ದರು. ಹದಿನೈದು ವರ್ಷದಿಂದ ಬದಲಾಗದ ನಂಬರು ಅದು, ಕೊನೆಗೆ ನಾಲ್ಕು ನಾಲ್ಕು ಒಂದು ಏಳು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳುವಂತೆಯೂ ಇರಲಿಲ್ಲ. ನಮ್ಮ ಓಣಿಯಲ್ಲಿ ನಾನು 'ಕಂಪ್ಯೂಟರ್ ಕಲಿತಾಕಿ'. ಪಕ್ಕದ ಮನೆಯ ಹುಚ್ಚವ್ವ ಟಿವಿ ರಿಮೋಟು ಕೆಟ್ಟರೆ ನನ್ನ ಹತ್ತಿರ ತರುತ್ತಾಳೆ. ನಾನು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಾಕಾನ ಅಂಗಡಿಗೆ ಒಯ್ದು, ಸರಿಮಾಡಿಸಿ, ಒಂದು ತಾಸು ಬಿಟ್ಟು ಕೊಡುತ್ತೇನೆ. "ತಾಸು ಕುಂತು ರಿಪೇರಿ ಮಾಡ್ಯಾಳ ನೋಡ್ರಿ," ಎಂದು ಆಕೆ ಓಣಿ ತುಂಬ ಸಾರುತ್ತಾಳೆ.

ಸಂಯೋಜಕಿಯಾದವಳು ಏನಾದರೂ ಸಂಯೋಜಿಸಬೇಕಲ್ಲ. ಪ್ರತಿಯೊಬ್ಬರೂ ಮನೆಯಲ್ಲಿ ಒಬ್ಬರಿಗೆ ಒಂದು ಡಿಜಿಟಲ್ ಪಾಠ ಕಲಿಸಬೇಕೆಂದು ಒಂದು ಚೀಟಿ ಬರೆದು ಬೋರ್ಡಿಗೆ ಅಂಟಿಸಿದೆ. ಬಾಯಿಂದ ಹೇಳುವುದಕ್ಕಿಂತ ಅದು ಸುಲಭ. ನಾನು ಆರಿಸಿಕೊಂಡ ವಿದ್ಯಾರ್ಥಿ ಅಪ್ಪ, ಬಸಂತರಾಯರು.

"ಅಪ್ಪಾ, ಫೋನಿಗೆ ಒಮ್ಮೊಮ್ಮೆ ಒಂದು ನಂಬರ್ ಬರ್ತೈತಿ. ಓಟಿಪಿ ಅಂತಾರ. ಅದನ್ನ ಯಾರಿಗೂ ಹೇಳಬಾರದು."

"ಯಾರಿಗೂ ಅಂದ್ರ?"

"ಬ್ಯಾಂಕಿನಾಂವ ಕೇಳಿದ್ರೂ, ಪೊಲೀಸ್ ಕೇಳಿದ್ರೂ."

"ನಿಮ್ಮವ್ವ ಕೇಳಿದ್ರ?"

"ಅವ್ವಗೂ."

ಒಳಗಿನಿಂದ ಅವ್ವನ ದನಿ ಬಂತು. "ನಾ ಯಾಕ ಕೇಳ್ಲಿ ಅವರ ನಂಬರ್? ಕೊಟ್ರೂ ಒಲ್ಲೆ."

"ಮತ್ತ ನೀ ಕೇಳಿದ್ರ?"

"ಫೋನಿನ್ಯಾಗ ಕೇಳಿದ್ರ ನನಗೂ ಹೇಳಬಾರದು. ಮಕ್ಕಳ ದನಿ ತಗದು ಕೇಳೂ ಮಂದಿ ಅದಾರ ಈಗ."

ಅಪ್ಪ ರೊಟ್ಟಿ ಮುರಿಯುವುದನ್ನು ಬಿಟ್ಟು, ದೀಕ್ಷೆ ತೆಗೆದುಕೊಂಡವರಂತೆ ಗಂಭೀರವಾಗಿ ತಲೆಯಾಡಿಸಿದರು. 'ಒಬ್ಬರಿಗೆ ಕಲಿಸಿದೆ' ಎಂದು ಡೈರಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಪರೀಕ್ಷೆ ಗುರುವಾರ, ಬೆಳಿಗ್ಗೆ ಹತ್ತರಿಂದ ಒಂದರವರೆಗೆ. ಒಂದಕ್ಕೆ ಪರೀಕ್ಷೆಯ ವೆಬ್‌ಸೈಟು ಬಾಗಿಲು ಹಾಕುತ್ತದೆ. ವೀಕ್ಷಕರು ಅರುಣಕುಮಾರ ಎಂಬುವರು, ಮೈಸೂರು ಸೀಮೆಯವರು. ನೀರಿನ ಬಾಟಲಿ, ಫೈಲು, ಫೈಲಿನೊಳಗೆ ಇನ್ನೊಂದು ಫೈಲು. ಗುರಲಿಂಗಪ್ಪ ಸರ್ ನನ್ನನ್ನು ಮುಂದೆ ನಿಲ್ಲಿಸಿ, "ಈಕಿ ನಮ್ಮ ಎಕ್ಸ್‌ಪರ್ಟ್ ರೀ," ಎಂದರು. ಎಕ್ಸ್‌ಪರ್ಟ್ ನಮಸ್ಕಾರ ಮಾಡಿ ತನ್ನ ಕುರ್ಚಿಗೆ ಓಡಿದಳು.

ಎಲ್ಲರೂ ಹೆಸರು ಟೈಪಿಸಿದೆವು. ಪರದೆಯ ಮೇಲೆ ಒಂದು ಸಾಲು ಮೂಡಿತು: ನಿಮ್ಮ ನೋಂದಾಯಿತ ಮೊಬೈಲಿಗೆ ಓಟಿಪಿ ಕಳಿಸಲಾಗಿದೆ. ಅದರ ಮುಂದೆ ಆರು ಚುಕ್ಕೆ, ಆಮೇಲೆ ೪೪೧೭.

ಪಕ್ಕದಲ್ಲಿ ಸಿಂದಗಿಯ ಸಂಗಮೇಶ ಕೂತಿದ್ದ. ಬೆನ್ನಚೀಲದ ಮೇಲೆ 'ಹ್ಯಾಕರ್' ಎಂದು ಚೀಟಿ ಅಂಟಿಸಿಕೊಂಡು ಓಡಾಡುವವನು. ಅವನೂ ತನ್ನ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದ.

"ಓಟಿಪಿ ಬರವಲ್ದು ಸರ್," ಎಂದ.

"ನೆಟ್‌ವರ್ಕ್ ಇರಾಕಿಲ್ಲ, ಕಿಡಕಿ ಕಡೆ ಹಿಡಿ," ಎಂದರು ಗುರಲಿಂಗಪ್ಪ ಸರ್.

ಸ್ವಲ್ಪ ಹೊತ್ತಿಗೆ ಹನ್ನೆರಡು ಜನ ಕಿಟಕಿಯಾಚೆ ಕೈಚಾಚಿ ನಿಂತಿದ್ದರು. ನಾನೊಬ್ಬಳೇ ಕೂತಿದ್ದೆ, ನನಗೆ ಗೊತ್ತಿತ್ತಲ್ಲ. ಕೂತವರು ಇನ್ನೊಬ್ಬರೂ ಇದ್ದರು. ಮೂಲೆಯಲ್ಲಿ ಶಾಹಿಸ್ತಾ. ಅವಳು ಆಗಲೇ ಏಳನೇ ಪ್ರಶ್ನೆಯಲ್ಲಿದ್ದಳು.

ಅರುಣಕುಮಾರರು ಕೈ ಹಿಂದೆ ಕಟ್ಟಿಕೊಂಡು ಖಾಲಿ ಕುರ್ಚಿಗಳ ಸಾಲಿನಲ್ಲಿ ನಡೆದರು. ಮೊದಲನೇ ಪರದೆ ಓದಿದರು. ಎರಡನೆಯದನ್ನು ಓದಿದರು. ಮೂರನೆಯದರ ಮುಂದೆ ಕನ್ನಡಕ ತೆಗೆದು ಒರೆಸಿಕೊಂಡರು. ಹದಿಮೂರನೆಯದು ಮುಗಿಯುವ ಹೊತ್ತಿಗೆ ಅವರ ಮುಖ ಅವರ ಫೈಲಿನ ಬಣ್ಣಕ್ಕೆ ತಿರುಗಿತ್ತು. ಫೈಲು ಕೆಂಪು.

"ಏನ್ರೀ ಇದು? ಹದಿಮೂರು ಜನಕ್ಕೆ ಒಂದೇ ಫೋನಾ? ಯಾರ್ರೀ ಈ ನಾಲ್ಕು ನಾಲ್ಕು ಒಂದು ಏಳು?"

ಕಿಟಕಿಯ ಹನ್ನೆರಡು ಕೈಗಳೂ ಒಳಗೆ ಬಂದವು. ನಾವು ಹದಿಮೂರು ಜನ ಒಬ್ಬರ ಮುಖ ಒಬ್ಬರು ನೋಡಿದೆವು. 'ನೀನೂ?' 'ನೀನೂನಾ?' ಎರಡು ವರ್ಷ ಒಂದೇ ಕೋಣೆಯಲ್ಲಿ ಕೂತಿದ್ದರೂ ನಮ್ಮ ನಡುವೆ ಇಷ್ಟು ಆತ್ಮೀಯತೆ ಇದೆಯೆಂದು ಅಂದಿನವರೆಗೆ ತಿಳಿದಿರಲಿಲ್ಲ.

"ಇದು ಜಾಲ! ಯಾವನೋ ಒಬ್ಬ ಎಲ್ಲರ ಖಾತೆ ಹಿಡ್ಕೊಂಡು ಕೂತಿದಾನೆ. ಸೈಬರ್ ಪೊಲೀಸರಿಗೆ ತಿಳಿಸ್ಲೇಬೇಕು. ಗುರಲಿಂಗಪ್ಪನವರೇ, ಮೇಲ್ವಿಚಾರಕರು ನೀವು, ಮೊದಲು ನಿಮ್ಮ ಲಾಗಿನ್ ತೆಗೀರಿ, ವರದಿ ಹಾಕೋಣ."

ಗುರಲಿಂಗಪ್ಪ ಸರ್ ತಮ್ಮ ಹೆಸರು ಟೈಪಿಸಲು ಬಹಳ ಹೊತ್ತು ತೆಗೆದುಕೊಂಡರು. ಕೊನೆಗೆ ಒತ್ತಿದರು. ಆರು ಚುಕ್ಕೆ, ಆಮೇಲೆ ೪೪೧೭.

ಅರುಣಕುಮಾರರು ಫೈಲು ಕೆಳಗಿಟ್ಟರು.

"ಜಾಲ ಅಲ್ರೀ ಸಾಹೇಬ್ರ," ಎಂದರು ಸರ್, ಮೇಜಿಗೆ ಹೇಳುವವರಂತೆ. "ಝೆರಾಕ್ಸ್ ಅಂಗಡಿ."

ಮೂಲೆಯಿಂದ ಶಾಹಿಸ್ತಾ ಎದ್ದಳು. "ಅದು ನಮ್ಮ ಅಬ್ಬಾನ ನಂಬರ್ ಸರ್."

"ನಿಮ್ಮಪ್ಪಂದಾ? ಮತ್ತೆ ನಿನ್ನ ಪರದೆ ಮೇಲೆ ಮಾತ್ರ ಬೇರೆ ನಂಬರ್ ಇದೆಯಲ್ಲಮ್ಮ?"

"ನನ್ನ ಅರ್ಜಿ ಅಬ್ಬಾ ತುಂಬೂದಿಲ್ರಿ. ಎಂಜಿನಿಯರ್ ಆಗಾಕಿ ನೀನು, ನೀನ ತುಂಬು ಅಂತಾರ. ನಾ ಅಳಕೋತ ತುಂಬೇನ್ರಿ."

ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು. ಕಾಕಾ ಎಲ್ಲಿ ಎಂದು ಕೇಳಿದರೆ, ಸಾಲೋಟಗಿಯಲ್ಲಿ, ತಂಗಿ ಗೌಸಬಿಯ ಮನೆಯಲ್ಲಿ, ಅವಳ ಮೊಮ್ಮಗನಿಗೆ ಹೆಸರಿಡುವ ಕಾರ್ಯದಲ್ಲಿ. ಗುರಲಿಂಗಪ್ಪ ಸರ್ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

"ಜೈನುದ್ದೀನ, ನಾ ಗುರಲಿಂಗಪ್ಪ ಮಾತಾಡಾಕತ್ತೇನಿ. ನಿನ್ನ ಫೋನಿಗೆ ಓಟಿಪಿ ಬಂದಾವಲ್ಲ, ಲಗೂನ ಹೇಳು."

"ಬಂದಾವು," ಎಂದಿತು ಕಾಕಾನ ದನಿ. ಹಿಂದೆ ಹೆಂಗಸರ ಹಾಡು, ಕೂಸಿನ ಅಳು. "ಬೆಳಿಗ್ಗಿಂದ ಹದಿನಾಲ್ಕು ಬಂದಾವು. ಯಾವನೋ ಕಳ್ಳ ನಮ್ಮ ಕಾಲೇಜಿನ ಹುಡುಗರ ಮ್ಯಾಲ ಕಣ್ಣು ಹಾಕ್ಯಾನ. ನೀನ ಏನೋ ಅಂವ?"

"ಏ, ನಾ ಗುರಲಿಂಗಪ್ಪ ಸರೋ!"

"ಸರ್ ದನಿ ಯಾರರ ತಗೀತಾರ. ಫೋನಿನ್ಯಾಗ ನಾ ಓಟಿಪಿ ಕೊಡೂದಿಲ್ಲ. ನಮ್ಮ ಅಂಗಡಿ ರೂಲು. ಮುಖಾ ನೋಡಬೇಕು ನಾ."

ಅರುಣಕುಮಾರರು ಸೈಬರ್ ಪೊಲೀಸರ ನಂಬರು ಹುಡುಕುವುದನ್ನು ನಿಲ್ಲಿಸಿದರು.

ವಿಡಿಯೋ ಕರೆ ಮಾಡಲಾಯಿತು. ಗುರಲಿಂಗಪ್ಪ ಸರ್ ಫೋನನ್ನು ಎದೆಗೆ ಹಿಡಿದು ನೇರ ನಿಂತರು, ಪಾಸ್‌ಪೋರ್ಟ್ ಫೋಟೋಗೆ ನಿಂತಂತೆ.

"ಫ್ಯಾನ್ ಕಾಣಾಕತ್ತೈತಿ," ಎಂದರು ಕಾಕಾ. "ಚಲೋ ಐತಿ ಫ್ಯಾನ್. ಸರ್ ಕಾಣವಲ್ಲರು."

ಕ್ಯಾಮೆರಾ ತಿರುಗಿಸುವುದು ಹೇಗೆಂದು ಸರ್‌ಗೆ ತಿಳಿಯಲಿಲ್ಲ. ತಿರುಗಿಸಲು ಹೋದ ಸಂಗಮೇಶ ಕರೆಯನ್ನೇ ಕತ್ತರಿಸಿದ. ಮತ್ತೆ ಹಚ್ಚಿದರೆ ಸಾಲೋಟಗಿಯ ನೆಟ್‌ವರ್ಕು ಚಿತ್ರ ಬೇಡವೆಂದಿತು, ಮಾತು ಮಾತ್ರ ಸಾಕೆಂದಿತು.

"ಹಂಗಾರ ಒಂದು ಪ್ರಶ್ನಿ ಕೇಳ್ತೇನಿ," ಎಂದರು ಕಾಕಾ. "ಖರೆ ಗುರಲಿಂಗಪ್ಪ ಸರ್ ಇದ್ರ ಹೇಳ್ಲಿ. ಕಾಲೇಜಿನ ಗ್ವಾಡಿಗೆ ಅವರದೊಂದು ದೊಡ್ಡ ಫೋಟೋ ಐತಲ್ಲ, ಅದರಾಗಿನ ಟೈ ಯಾರದು?"

ಹದಿನಾಲ್ಕು ವಿದ್ಯಾರ್ಥಿಗಳು, ಒಬ್ಬ ವೀಕ್ಷಕರು. ಸರ್ ಗಂಟಲು ಸರಿಮಾಡಿಕೊಂಡರು.

"ನಿಂದು."

"ಕೋಟು?"

"ಅದೂ ನಿಂದ."

"ಸಲಾಂ ಸರ್! ಮಾಫ್ ಮಾಡ್ರಿ, ಖಾತ್ರಿ ಮಾಡ್ಕೋಬೇಕಾಕ್ಕೈತಿ. ಬಟನ್ ಒತ್ತರಿ, ಹೊಸ ನಂಬರ್ ಬಂದಮ್ಯಾಲ ಹೇಳ್ತೇನಿ. ಉಳಿದವರು ಒಬ್ಬೊಬ್ಬರ ಬರ್ಲಿ."

ಓಟಿಪಿಯ ಆಯುಷ್ಯ ಹತ್ತು ನಿಮಿಷ. ಒಬ್ಬೊಬ್ಬರೇ ಬಟನ್ ಒತ್ತಿ, ಫೋನಿನ ಮುಂದೆ ನಿಂತು, ತಾನು ತಾನೇ ಎಂದು ಸಾಬೀತು ಮಾಡಬೇಕಾಯಿತು. ಸಂಗಮೇಶನ ಸರದಿ ಬಂತು.

"ಪಾಸ್‌ವರ್ಡ್ ಹೇಳಬ್ಯಾಡ," ಎಂದರು ಕಾಕಾ. "ಹೋದ ತಿಂಗಳ ಅದನ್ನ ಯಾಕ ಬದಲಿ ಮಾಡಿಸಿದಿ, ಅಷ್ಟ ಹೇಳು."

ಸಂಗಮೇಶ ಎರಡನೇ ಬೆಂಚಿನ ಸುನೀತಾಳ ಕಡೆ ನೋಡಲಿಲ್ಲ. ನೋಡದಿರಲು ಅವನು ಪಟ್ಟ ಕಷ್ಟವನ್ನು ಕೋಣೆಯೆಲ್ಲ ನೋಡಿತು.

"ಅವರ ಮನಿಯಾಗ ಒಪ್ಪಲಿಲ್ರಿ ಕಾಕಾ."

"ಹಾಂ, ನೀನ. ಬರಕೋ."

ಸಾಲೋಟಗಿಯಿಂದ ಗೌಸಬಿ ಕೂಗುತ್ತಿದ್ದದ್ದು ನಮಗೂ ಕೇಳಿಸಿತು. "ಭಾಯಿಜಾನ್, ತೊಟ್ಲಾ ತೂಗೂ ಹೊತ್ತಾತು, ನೀ ನಂಬರ್ ಓದಕೋತ ಕುಂತಿ! ಕೂಸಿನ ಹೆಸರೇನು ಅಂತ ಕೇಳಿದ್ರ ಮೂರು ಒಂಬತ್ತು ಎಂಟು ಅಂತಿ!"

ಕೊನೆಗೆ ಉಳಿದವಳು ನಾನು. ಹನ್ನೆರಡೂ ಮುಕ್ಕಾಲು. ಸರ್ ಫೋನನ್ನು ನನ್ನ ಕೈಗೆ ಕೊಟ್ಟರು. ಕೋಣೆಯ ಅಷ್ಟೂ ಕಣ್ಣು ನನ್ನ ಮೇಲೆ.

"ಯಾರು?" ಎಂದರು ಕಾಕಾ.

ನಾನು ಬಾಯಿ ತೆರೆದೆ. ಏನೂ ಹೊರಡಲಿಲ್ಲ.

"ಹಲೋ? ಯಾರ್ರೀ?"

ಸರ್ ಸನ್ನೆ ಮಾಡಿದರು. ಅರುಣಕುಮಾರರು, "ಮಾತಾಡಮ್ಮ, ಟೈಮಿಲ್ಲ!" ಎಂದರು. ಶಾಹಿಸ್ತಾ ನನ್ನ ಬೆನ್ನಿಗೆ ಗುದ್ದಿದಳು.

ಫೋನಿನಾಚೆ ಕಾಕಾ ನಕ್ಕರು.

"ಹಾಂ, ಭುವನಾ! ಆರು ವರ್ಷದಾಗ ನನ್ನ ಅಂಗಡ್ಯಾಗ ನಾಕು ಮಾತಾಡಿಲ್ಲ ಈಕಿ. ಮಾತಾಡಿದ್ರ ಸಂಶೆ ಬರ್ತಿತ್ತು. ಬರಕೋ ಯವ್ವಾ."

ಒಂದಕ್ಕೆ ಹನ್ನೆರಡು ನಿಮಿಷ ಇರುವಾಗ ನನ್ನ ಪರದೆಯಲ್ಲಿ ಮೊದಲ ಪ್ರಶ್ನೆ ತೆರೆಯಿತು. 'ಅಧಿಕಾರಿಯೆಂದು ಹೇಳಿಕೊಂಡು ಯಾರೋ ಫೋನ್ ಮಾಡಿ ಓಟಿಪಿ ಕೇಳುತ್ತಾರೆ. ನೀವು ಏನು ಮಾಡುತ್ತೀರಿ?' ಕೋಣೆಯಲ್ಲಿ ಎಲ್ಲರಿಗೂ ಮೊದಲು ಬಂದದ್ದು ಅದೇ ಪ್ರಶ್ನೆಯಂತೆ. ಕೊಡುವುದಿಲ್ಲ ಎಂದು ಒತ್ತಿದೆ. ಉಳಿದದ್ದನ್ನು ಹೇಗೆ ಒತ್ತಿದೆನೋ, ಹದಿನಾಲ್ಕೂ ಜನ ಪಾಸು.

ಅರುಣಕುಮಾರರು ಪೊಲೀಸರಿಗೆ ಫೋನ್ ಮಾಡಲಿಲ್ಲ. "ಇಡೀ ಕಾಲೇಜಲ್ಲಿ ಡಿಜಿಟಲ್ ಸಾಕ್ಷರತೆ ಇರೋದು ಒಬ್ಬರಿಗೆ. ಅವರು ತೊಟ್ಟಿಲ ಕಾರ್ಯದಲ್ಲಿದಾರೆ," ಎಂದರು. ಆಮೇಲೆ ಫೈಲು ಬಡಿದು ಅಪ್ಪಣೆ ಹೊರಡಿಸಿದರು. "ಈಗಲೇ, ನನ್ನ ಕಣ್ಣೆದುರಿಗೆ, ಎಲ್ಲರೂ ಆ ನಂಬರ್ ತೆಗೆದು ಸ್ವಂತದ್ದು ಹಾಕಬೇಕು!"

ನಾನು ಕೀಬೋರ್ಡಿನ ಮೇಲೆ ಬೆರಳೆತ್ತಿ ನಿಂತೆ. ಒಂದು ಕಡೆ ವಿಶ್ವವಿದ್ಯಾಲಯದ ಅಪ್ಪಣೆ, ಇನ್ನೊಂದು ಕಡೆ ಅವ್ವನ ಕಾಯಿದೆ. ನಡುವಿನ ದಾರಿಯೊಂದು ಹೊಳೆಯಿತು. ಅಪ್ಪನ ನಂಬರು ಹಾಕಿದೆ.

ಪ್ರಮಾಣಪತ್ರ ಇಳಿಸಿಕೊಳ್ಳಲು ನಾಲ್ಕಕ್ಕೆ ಅವಕಾಶ ತೆರೆಯಿತು. ಹೆಸರು ಹಾಕಿ ಒತ್ತಿದೆ. ಓಟಿಪಿ ಅಪ್ಪನ ಫೋನಿಗೆ ಹೋಯಿತು. ನಾನು ವರಾಂಡಕ್ಕೆ ಓಡಿ ಅಪ್ಪನಿಗೆ ಹಚ್ಚಿದೆ. ಐದು ಸಲ ಹಚ್ಚಿದ ಮೇಲೆ, ನಾಲ್ಕೂಕಾಲಿಗೆ, ಅಂಗಿ ಗಿಡದಿಂದ ಇಳಿಯಿತು.

"ಅಪ್ಪಾ, ನಾ ಭುವನಾ. ಒಂದು ನಂಬರ್ ಬಂದೈತೇನು?"

"ಬಂದೈತ್ರಿ."

ಅಪ್ಪ ನನಗೆ ಹುಟ್ಟಿದಾಗಿನಿಂದ 'ರಿ' ಹಚ್ಚಿ ಮಾತಾಡಿದವರಲ್ಲ.

"ಲಗೂನ ಹೇಳಪ್ಪಾ!"

"ಹೇಳೂದಿಲ್ರಿ. ನನ್ನ ಮಗಳು ಕಲಿಸ್ಯಾಳ."

"ಆ ಮಗಳ ನಾನು!"

"ಹಂಗ ಅಂತಾನ ಕೇಳ್ತಾರ ಅಂತನೂ ಕಲಿಸ್ಯಾಳ್ರಿ."

"ಅಪ್ಪಾ!" ಎಂದು ಕಿರುಚಿದೆ. ನನ್ನ ಜನ್ಮದಲ್ಲಿ ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು. ವರಾಂಡದ ಪಾರಿವಾಳಗಳು ಹಾರಿಹೋದವು. "ಐದಕ್ಕ ಮುಗೀತೈತಿ, ನನ್ನ ಡಿಗ್ರಿ ಹೋಗ್ತೈತಿ!"

"ದನಿ ಹುಬೇಹೂಬ ತಗದೀರಿ," ಎಂದರು ಅಪ್ಪ, ಮೆಚ್ಚುಗೆಯಿಂದಲೇ. "ಆದ್ರ ನಮ್ಮ ಹುಡುಗಿ ಇಷ್ಟು ಜೋರು ಮಾತಾಡೂದಿಲ್ರಿ. ಅಲ್ಲೇ ತಪ್ಪಿದ್ರಿ ನೋಡ್ರಿ." ಫೋನ್ ಇಟ್ಟರು. ಮತ್ತೆ ಹಚ್ಚಿದರೆ ಫೋನು ಬಂದ್.

ಮುಖ ತೋರಿಸದೆ ಬೇರೆ ದಾರಿಯಿರಲಿಲ್ಲ. ಟೆಂಪೋ ಹತ್ತಿ, ತೋಟದ ಹಾದಿಗೆ ಇಳಿದು, ಓಡಿ ಮುಟ್ಟುವ ಹೊತ್ತಿಗೆ ಐದಕ್ಕೆ ಹದಿನೈದು ನಿಮಿಷ. ತೋಟ ನೋಡಿಕೊಳ್ಳುವ ಅಮಸಿದ್ದ ಒಬ್ಬನೇ ನಿಂಬೆಹಣ್ಣು ಆರಿಸುತ್ತಿದ್ದ.

"ಅಪ್ಪಾರು ಹೋದ್ರಲ್ಲ ಯವ್ವಾ. ಯಾವಾಕಿನೋ ಕಳ್ಳಿ ಹಾಡಾಹಗಲ ನಿನ್ನ ದನಿ ತಗದು ಫೋನ್ ಮಾಡಿದ್ಲಂತ! ಅಪ್ಪಾರು ಫೋನ್ ಬಂದ್ ಮಾಡಿ, ಧೋತ್ರದ ಚುಂಗಿನ್ಯಾಗ ಗಂಟು ಹಾಕ್ಕೊಂಡು, ಗಾಡಿ ಹತ್ತಿ ಊರಾಗ ಹೋದ್ರು. ನೀ ಹುಷಾರವಾ. ಆ ಕಳ್ಳಿ ಭಾಳ ಶ್ಯಾಣ್ಯಾ ಅದಾಳಂತ."

ತಿರುಗಿ ಟೆಂಪೋ. ಅದು ಬಂದದ್ದೇ ಐದರ ಮೇಲೆ. ಒಂದು ವರ್ಷ ಹೋಯಿತು ಎಂದು ಎಣಿಸುತ್ತ, ಅವ್ವನಿಗೆ ಯಾವ ಮಾತಿನಿಂದ ಶುರುಮಾಡಲಿ ಎಂದು ಹುಡುಕುತ್ತ ಐದೂವರೆಗೆ ಓಣಿ ಹೊಕ್ಕೆ.

ಮನೆಯ ಕಟ್ಟೆಯ ಮೇಲೆ ಅಪ್ಪ ಕೂತಿದ್ದರು. ಪಕ್ಕದಲ್ಲಿ ಹುಚ್ಚವ್ವ. ಅಪ್ಪ ಮೊದಲು ನನ್ನ ಮುಖವನ್ನು ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ನೋಡಿದರು.

"ಹಾಂ, ಈಕಿ ಖರೆ ಭುವನಾ," ಎಂದರು ಹುಚ್ಚವ್ವನಿಗೆ.

"ಅಪ್ಪಾ, ಆ ಫೋನ್ ಮಾಡಿದಾಕಿ ನಾನ. ಆ ನಂಬರ್ ಹೇಳಿದ್ರ ನನ್ನ ಡಿಗ್ರಿ..."

"ಗೊತ್ತೈತಿ. ಜೈನುದ್ದೀನ ಹೇಳಿದ. ಏರಿಸಿದ್ದೂ ಆತು. ಐದಕ್ಕ ಐದು ನಿಮಿಷ ಕಡಿಮಿ ಇತ್ತು."

"ಏನು ಏರಿಸಿದ್ದು?"

"ಸಾಲೋಟಗಿಂದ ಬಂದು ಆಗಷ್ಟ ಅಂಗಡಿ ತಗದಿದ್ದ. ಹಿಂಗ್ಹಿಂಗ ಕಳ್ಳರ ಫೋನ್ ಬಂದಿತ್ತಪಾ ಅಂದೆ. ಅಂವ ಕಂಪ್ಯೂಟರಿನ್ಯಾಗ ನಿನ್ನ ಹೆಸರು ಒತ್ತಿದ. ನನಗ ಇನ್ನೊಂದು ನಂಬರ್ ಬಂತು. ಹೇಳ್ದೆ. ನಿನ್ನ ಪ್ರಬಂಧ ಹೆಂಗೂ ಅವನ ಕಡೇನ ಇತ್ತಲ್ಲ ಪ್ರಿಂಟ್ ತಗದು ಬೈಂಡ್ ಮಾಡಾಕ, ಎರಡೂ ಕೂಡಿಸಿ ಕಳಿಸ್ದ."

ನಾನು ಕಟ್ಟೆಯ ಮೇಲೆ ಕೂತೆ. "ಅಪ್ಪಾ, ಯಾರಿಗೂ ಹೇಳಬಾರದು ಅಂದಿದ್ನಲ್ಲ."

"ಯಾರಿಗೆ ಹೇಳೇನಿ?" ಅಪ್ಪನಿಗೆ ಬೇಸರವಾಯಿತು. "ಬ್ಯಾಂಕಿನಾಂವಗ ಹೇಳಿಲ್ಲ. ಪೊಲೀಸರಿಗೆ ಹೇಳಿಲ್ಲ. ನಿಮ್ಮವ್ವಗ ಹೇಳಿಲ್ಲ. ಹೊಟ್ಟ್ಯಾಗ ಹುಟ್ಟಿದ ಮಗಳಿಗೂ ಹೇಳಿಲ್ಲ. ಜೈನುದ್ದೀನಗ ಅಷ್ಟ ಹೇಳೇನಿ. ಅದೂ ಮುಖಾ ನೋಡಿ."

ಹುಚ್ಚವ್ವ ಮೂಗಿನ ಮೇಲೆ ಬೆರಳಿಟ್ಟು, "ಅಪ್ಪಗೂ ಎಷ್ಟು ಕಲಿಸ್ಯಾಳ ನೋಡ್ರಿ," ಎಂದಳು.

ಅಪ್ಪ ಧೋತರದ ಮಡಿಲಿನಿಂದ ಒಂದು ಹಾಳೆ ತೆಗೆದುಕೊಟ್ಟರು. ಕಾಕಾ ಅದನ್ನು ಲ್ಯಾಮಿನೇಶನ್ ಮಾಡಿಕೊಟ್ಟಿದ್ದರು, ಇನ್ನೂ ಬೆಚ್ಚಗಿತ್ತು. ಭುವನೇಶ್ವರಿ ಬಸಂತರಾಯ. ಡಿಜಿಟಲ್ ಸಾಕ್ಷರತೆ: ಅತ್ಯುತ್ತಮ.

"ಇನ್ನೊಂದು ಹೇಳ್ಯಾನ ಜೈನುದ್ದೀನ," ಎಂದರು ಅಪ್ಪ. "ನಿಮಗ ಯಾಕ ಈ ನಂಬರಿನ ತ್ರಾಸ ಅಂತ ಅಂದ."

ಹಾಳೆಯ ಕೆಳಗಿನ ಸಾಲು ನೋಡಿದೆ. ನೋಂದಾಯಿತ ಮೊಬೈಲ್: ಆರು ಚುಕ್ಕೆ, ಆಮೇಲೆ ೪೪೧೭.